ರೆಕ್ಕೆ ಸಿದ್ಧವಿತ್ತು, ಎಂಜಿನ್ ಇರಲಿಲ್ಲ

"ನಿಮಗೆ ಇಷ್ಟವಾದ ವಿಮಾನ ಯಾವುದು?"

ಬೆಂಗಳೂರಿನಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ಕಂಪನಿಯೊಂದರ ಸಂದರ್ಶನದಲ್ಲಿ ನನಗೆ ಕೇಳಿದ ಮೊದಲ ಪ್ರಶ್ನೆ ಇದು. ಬಯೋಡೇಟಾದಲ್ಲಿ ಹವ್ಯಾಸ ಎಂಬಲ್ಲಿ 'ವಿಮಾನಗಳ ಇತಿಹಾಸ' ಎಂದು ಬರೆದಿದ್ದೆನಲ್ಲ, ಎದುರಿಗೆ ಕುಳಿತ ಹಿರಿಯರು ಅದನ್ನೇ ಹಿಡಿದುಕೊಂಡಿದ್ದರು. ನನಗೆ ಒಳಗೊಳಗೇ ಖುಷಿ. ವಾಡಿ ಜಂಕ್ಷನ್‌ನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯಿಡೀ ಕುಳಿತೇ ಬಂದಿದ್ದ ದಣಿವು ಒಮ್ಮೆಗೇ ಇಳಿದುಹೋಯಿತು. "ಜರ್ಮನಿಯ ಮೆಸ್ಸರ್‌ಶ್ಮಿಟ್ 262 ಸರ್. ಜಗತ್ತಿನಲ್ಲಿ ಯುದ್ಧಕ್ಕಿಳಿದ ಮೊದಲ ಜೆಟ್ ಫೈಟರ್. ಹಿಟ್ಲರ್ ಅದನ್ನು ಬಾಂಬರ್ ಮಾಡಿ ಅಂತ ಹಟ ಹಿಡಿಯದೇ ಇದ್ದಿದ್ದರೆ ಯುದ್ಧದ ಗತಿಯೇ ಬದಲಾಗುತ್ತಿತ್ತು" ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

ಅವರು ಪೆನ್ನು ಕೆಳಗಿಟ್ಟರು. "ಅದರ ಎಂಜಿನ್ ಎಷ್ಟು ಗಂಟೆ ಬಾಳುತ್ತಿತ್ತು?"

ನನಗೆ ಗೊತ್ತಿರಲಿಲ್ಲ.

"ಟರ್ಬೈನ್ ಬ್ಲೇಡ್ ಕರಗದ ಹಾಗೆ ಏನು ಮಾಡಿದ್ದರು?"

ಅದೂ ಗೊತ್ತಿರಲಿಲ್ಲ.

"ಹೋಗಲಿ ಬಿಡಿ. ಇದೇ ಊರಿಗೆ ಒಬ್ಬ ಜರ್ಮನ್ ಎಂಜಿನಿಯರ್ ಬಂದು ಜೆಟ್ ಫೈಟರ್ ವಿನ್ಯಾಸ ಮಾಡಿದರು. ಶಬ್ದದ ಎರಡು ಪಟ್ಟು ವೇಗಕ್ಕೆಂದು ಹೊರಟ ವಿಮಾನ ಶಬ್ದದ ವೇಗದ ಹತ್ತಿರವೇ ನಿಂತುಬಿಟ್ಟಿತು. ಯಾಕೆ?"

ನಾನು ತಲೆ ತಗ್ಗಿಸಿದೆ. ಕೆಲಸ ಸಿಗಲಿಲ್ಲ. ಆದರೆ ಆ ಮೂರು ಪ್ರಶ್ನೆಗಳು ನನ್ನ ಜೊತೆಗೇ ರೈಲು ಹತ್ತಿ ವಾಡಿಗೆ ಬಂದವು. ಅವಕ್ಕೆ ಉತ್ತರ ಹುಡುಕುತ್ತ ಹೋದ ಒಂದು ವರ್ಷದ ಕತೆ ಇದು.

ಬೀದರಿನಿಂದ ಬಂದ ಸದ್ದು

ನನ್ನ ಅವ್ವನ ತವರು ಚಿಂಚೋಳಿ ತಾಲ್ಲೂಕಿನ ಒಂದು ಹಳ್ಳಿ. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದಾಗ ತೊಗರಿ ಹೊಲದ ಮೇಲಿನ ಆಕಾಶದಲ್ಲಿ ಆಗಾಗ ಒಂದು ಸದ್ದು ಕೇಳುತ್ತಿತ್ತು. ಸದ್ದು ಬಂದ ಕಡೆ ನೋಡಿದರೆ ಏನೂ ಕಾಣುತ್ತಿರಲಿಲ್ಲ, ಅದಕ್ಕಿಂತ ಬಹಳ ಮುಂದೆ ಒಂದು ಚುಕ್ಕಿ ಓಡುತ್ತಿರುತ್ತಿತ್ತು. "ಅವು ಬೀದರಿನ ಇಮಾನ. ಹುಡುಗರಿಗೆ ಹಾರಿಸೋದು ಕಲಸ್ತಾರ" ಎಂದು ಮಾಮಾ ಹೇಳುತ್ತಿದ್ದ. ಬೀದರಿನ ವಾಯುಪಡೆ ನೆಲೆಯಲ್ಲಿ ಪೈಲಟ್‌ಗಳಿಗೆ ಜೆಟ್ ತರಬೇತಿ ನಡೆಯುತ್ತದೆ ಎಂಬುದು, ಆ ಕಾಲಕ್ಕೆ ಅಲ್ಲಿ ಹಾರುತ್ತಿದ್ದ 'ಕಿರಣ್' ವಿಮಾನ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ಹುಟ್ಟಿದ್ದು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆಗ ನನಗೆ ಅದು ಬರೀ ಬೆರಗು.

ಡಿಪ್ಲೊಮಾ ಮೆಕ್ಯಾನಿಕಲ್ ಸೇರಿದ ಮೇಲೆ ಆ ಬೆರಗು ಮೊಬೈಲ್‌ಗೆ ಬಂತು. ಎರಡನೇ ಮಹಾಯುದ್ಧದ ಜರ್ಮನ್ ವಿಮಾನಗಳ ವಿಡಿಯೊಗಳನ್ನು ರಾತ್ರಿ ಒಂದರವರೆಗೆ ನೋಡುತ್ತಿದ್ದೆ. ಹಿನ್ನೆಲೆಯಲ್ಲಿ ಅಬ್ಬರದ ಸಂಗೀತ, ತೆರೆಯ ತುಂಬ 'ಪವಾಡದ ಅಸ್ತ್ರಗಳು'. ನೋಡಿದಷ್ಟೂ ಅಭಿಮಾನ. ಆ ಅಭಿಮಾನವನ್ನೇ ನಾನು ಜ್ಞಾನ ಎಂದುಕೊಂಡಿದ್ದೆ. ಸಂದರ್ಶನದಲ್ಲಿ ಬಿದ್ದ ಪೆಟ್ಟು ಅಲ್ಲಿಗೇ ಬಿತ್ತು.

ಮೂಗಿನಲ್ಲಿ ಪ್ರೊಪೆಲ್ಲರ್ ಇದ್ದ ಜೆಟ್

ಊರಿಗೆ ಬಂದು ಮೊದಲಿನಿಂದ ಓದತೊಡಗಿದೆ. ಚಿತ್ತಾಪುರದ ಗ್ರಂಥಾಲಯದಲ್ಲಿ ಸಿಕ್ಕಷ್ಟು, ಕಾಲೇಜಿನ ಮೇಷ್ಟ್ರು ಕೊಟ್ಟಷ್ಟು, ಉಳಿದದ್ದು ಅದೇ ಮೊಬೈಲ್‌ನಲ್ಲಿ. ಈ ಸಲ ಸಂಗೀತವಿಲ್ಲದೆ.

ಜಗತ್ತಿನ ಮೊದಲ ಜೆಟ್ ವಿಮಾನ ಹಾರಿದ್ದು 1939ರ ಆಗಸ್ಟ್ 27ರಂದು, ಜರ್ಮನಿಯ ರೋಸ್ಟಾಕ್‌ನಲ್ಲಿ. ಹೆಸರು ಹೈಂಕೆಲ್ 178. ಎಂಜಿನ್ ಮಾಡಿದ್ದು ಹಾನ್ಸ್ ಫಾನ್ ಒಹೈನ್ ಎಂಬ ತರುಣ ವಿಜ್ಞಾನಿ, ಹಾರಿಸಿದ್ದು ಎರಿಕ್ ವಾರ್ಸಿಟ್ಸ್. ಐದೇ ದಿನಕ್ಕೆ ಮಹಾಯುದ್ಧ ಶುರುವಾಯಿತು. ಅತ್ತ ಬ್ರಿಟನ್ನಿನಲ್ಲಿ ಫ್ರ್ಯಾಂಕ್ ವಿಟ್ಲ್ 1930ರಲ್ಲೇ ಜೆಟ್ ಎಂಜಿನ್ನಿಗೆ ಪೇಟೆಂಟ್ ಅರ್ಜಿ ಹಾಕಿದ್ದರೂ ಅವರ ಎಂಜಿನ್ ಹೊತ್ತ ವಿಮಾನ ಹಾರಲು 1941ರ ಮೇ ತಿಂಗಳಾಯಿತು.

ಜೆಟ್ ಎಂಜಿನ್ನಿನ ತತ್ವ ನಮ್ಮ ಕಡೆಯವರಿಗೆ ಅರ್ಥವಾಗದ್ದೇನಲ್ಲ. ಮುಂದಿನ ಫ್ಯಾನುಗಳು ಗಾಳಿಯನ್ನು ಒತ್ತಿ ಒಳಗೆ ತಳ್ಳುತ್ತವೆ. ನಡುವೆ ಇಂಧನ ಉರಿಯುತ್ತದೆ. ಉಬ್ಬಿದ ಬಿಸಿಗಾಳಿ ಹಿಂದಕ್ಕೆ ನುಗ್ಗುತ್ತದೆ. ನುಗ್ಗುವ ದಾರಿಯಲ್ಲಿ ಟರ್ಬೈನ್ ಎಂಬ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರವೇ ಮುಂದಿನ ಫ್ಯಾನುಗಳನ್ನು ತಿರುಗಿಸುತ್ತದೆ. ಹಾಳೆಯ ಮೇಲೆ ಇಷ್ಟೇ. ಕಷ್ಟವಿರುವುದು ಆ ಚಕ್ರದ ಬ್ಲೇಡಿನಲ್ಲಿ. ಸುತ್ತ ಕೆಂಪಗೆ ಕಾಯಿಸುವಷ್ಟು ಬಿಸಿಗಾಳಿ, ಅದೇ ಹೊತ್ತಿಗೆ ನಿಮಿಷಕ್ಕೆ ಸಾವಿರಾರು ಸುತ್ತು. ಕಾದ ಲೋಹ ಆ ಸೆಳೆತಕ್ಕೆ ನಿಧಾನವಾಗಿ ಹಿಗ್ಗುತ್ತದೆ, ಕೊನೆಗೆ ಮುರಿಯುತ್ತದೆ.

ಮೆಸ್ಸರ್‌ಶ್ಮಿಟ್ 262ರ ಕತೆ ಓದುತ್ತ ನಾನು ಬೆಚ್ಚಿದ್ದು ಇಲ್ಲಿ. ವಿಮಾನದ ಒಡಲು 1941ರ ಏಪ್ರಿಲ್‌ಗೇ ಸಿದ್ಧವಾಗಿತ್ತು. ಜೆಟ್ ಎಂಜಿನ್ ಸಿದ್ಧವಿರಲಿಲ್ಲ. ಹಾಗಾಗಿ ಜಗತ್ತಿನ ಅತಿ ಹೆಸರುವಾಸಿ ಜೆಟ್ ಫೈಟರ್ ಮೊದಲ ಸಲ ಹಾರಿದ್ದು ಮೂಗಿಗೆ ಮಾಮೂಲಿ ಪ್ರೊಪೆಲ್ಲರ್ ಎಂಜಿನ್ ಕಟ್ಟಿಕೊಂಡು! ಮರುವರ್ಷ ಎರಡು ಜೆಟ್ ಎಂಜಿನ್ ಜೋಡಿಸಿ ಹಾರಿಸಿದಾಗ ಎರಡೂ ಕೈಕೊಟ್ಟವು, ಪೈಲಟ್‌ನನ್ನು ಉಳಿಸಿದ್ದು ಮೂಗಿನ ಅದೇ ಹಳೆಯ ಎಂಜಿನ್. ಬರೀ ಜೆಟ್ ಬಲದಿಂದ ಅದು ಹಾರಿದ್ದು 1942ರ ಜುಲೈ 18ರಂದು, ಲೈಪ್‌ಹೈಮ್‌ನಲ್ಲಿ. ಹಾರಿಸಿದವರು ಫ್ರಿಟ್ಸ್ ವೆಂಡೆಲ್. ಯುದ್ಧಕ್ಕೆ ಇಳಿದದ್ದು ಮತ್ತೂ ಎರಡು ವರ್ಷ ಬಿಟ್ಟು, 1944ರಲ್ಲಿ.

ತಡವೇಕೆ? ಯೂಮೊ 004 ಎಂಬ ಅದರ ಎಂಜಿನ್ನಿಗೆ ಬೇಕಾದ ನಿಕಲ್, ಕೋಬಾಲ್ಟ್, ಕ್ರೋಮಿಯಂ ಯುದ್ಧಕಾಲದ ಜರ್ಮನಿಯಲ್ಲಿ ಸಾಕಷ್ಟು ಸಿಗುತ್ತಿರಲಿಲ್ಲ. ವಿನ್ಯಾಸಕ ಆನ್ಸೆಲ್ಮ್ ಫ್ರಾನ್ಸ್ ಬೆಂಕಿಯ ಕೋಣೆಗಳನ್ನು ಸಾದಾ ಉಕ್ಕಿನಲ್ಲಿ ಮಾಡಿಸಿ, ಮೇಲೆ ಅಲ್ಯೂಮಿನಿಯಂ ಲೇಪಿಸಿದರು. ಬ್ಲೇಡುಗಳನ್ನು ಟೊಳ್ಳಾಗಿಸಿ ಒಳಗೆ ತಂಪು ಗಾಳಿ ಹರಿಸಿದರು. ಅಪಾರ ಬುದ್ಧಿವಂತಿಕೆ ಅದು. ನನಗೆ ಕೇಳಿದ್ದ ಎರಡನೇ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಆದರೂ ಎಂಜಿನ್ ಬಾಳುತ್ತಿದ್ದದ್ದು 10ರಿಂದ 25 ಗಂಟೆ ಮಾತ್ರ. ಮೊದಲ ಪ್ರಶ್ನೆಗೂ ಉತ್ತರ ಸಿಕ್ಕಿತು. ಪೈಲಟ್ ಥ್ರಾಟಲ್ ಅನ್ನು ಸರಕ್ಕನೆ ಮುಂದೆ ತಳ್ಳಿದರೆ ಎಂಜಿನ್ ಆರಿಹೋಗುತ್ತಿತ್ತು, ಇಲ್ಲವೇ ಬೆಂಕಿ ಹತ್ತುತ್ತಿತ್ತು. ಗಂಟೆಗೆ 870 ಕಿ.ಮೀ. ಓಡುವ ವಿಮಾನವನ್ನು ಎದುರಾಳಿಗಳು ಆಕಾಶದಲ್ಲಿ ಬೆನ್ನಟ್ಟುವ ಗೋಜಿಗೇ ಹೋಗಲಿಲ್ಲ, ಇಳಿಯುವಾಗ ನಿಧಾನವಾಗುವುದನ್ನು ಕಾದು ಹೊಡೆದರು. ಸುಮಾರು 1,400 ವಿಮಾನ ತಯಾರಾದರೂ ಯುದ್ಧಕ್ಕೆ ಒದಗಿದ್ದು ಅದರಲ್ಲೊಂದು ಪಾಲು ಮಾತ್ರ.

ಬಾಂಬರ್ ಮಾಡಿ ಎಂದು ಹಿಟ್ಲರ್ ಹೇಳಿದ್ದು ನಿಜ. ಆದರೆ ಆ ಮಾತು ಇಲ್ಲದಿದ್ದರೂ ಎಂಜಿನ್ ಅದಕ್ಕಿಂತ ಮೊದಲು ಸಿದ್ಧವಾಗುತ್ತಿರಲಿಲ್ಲ. ಒಬ್ಬ ಮನುಷ್ಯನ ತಲೆಗೆ ಎಲ್ಲ ತಪ್ಪು ಕಟ್ಟಿಬಿಟ್ಟರೆ ಕತೆ ರುಚಿಯಾಗುತ್ತದೆ. ಲೋಹದ ಕೊರತೆ ಎಂದರೆ ಯಾರೂ ವಿಡಿಯೊ ನೋಡುವುದಿಲ್ಲ!

ಅದೇ ಎಂಜಿನ್ನಿನ ಒಂದು ವಿವರ ನನಗೆ ತುಂಬ ಇಷ್ಟವಾಯಿತು. ಅದನ್ನು ಚಾಲೂ ಮಾಡಲು ಅದರ ಮೂಗಿನೊಳಗೆ ಒಂದು ಪುಟ್ಟ ಟೂ-ಸ್ಟ್ರೋಕ್ ಎಂಜಿನ್ ಇತ್ತು. ಅಗತ್ಯ ಬಿದ್ದರೆ ಅದನ್ನು ಹಗ್ಗ ಎಳೆದು ಚಾಲೂ ಮಾಡಬಹುದಿತ್ತು. ಚಿಂಚೋಳಿಯಲ್ಲಿ ಮಾಮಾ ಸೀಮೆಎಣ್ಣೆ ಪಂಪ್‌ಸೆಟ್ಟಿಗೆ ಹಗ್ಗ ಸುತ್ತಿ ಎಳೆಯುತ್ತಿದ್ದದ್ದು ನೆನಪಾಗಿ ನಕ್ಕುಬಿಟ್ಟೆ.

ಏಳೂವರೆ ನಿಮಿಷದ ಧೂಮಕೇತು

ಜೆಟ್‌ಗಿಂತ ವಿಚಿತ್ರವಾದದ್ದು ರಾಕೆಟ್ ವಿಮಾನ, ಮೆಸ್ಸರ್‌ಶ್ಮಿಟ್ 163 ಕೊಮೆಟ್. ಕೊಮೆಟ್ ಎಂದರೆ ಧೂಮಕೇತು. 1941ರ ಅಕ್ಟೋಬರ್ 2ರಂದು ಹೈನಿ ಡಿಟ್ಮಾರ್ ಎಂಬ ಪೈಲಟ್ ಇದನ್ನು ಗಂಟೆಗೆ ಸಾವಿರ ಕಿ.ಮೀ. ದಾಟಿಸಿದ. ಅಲ್ಲಿಯತನಕ ಯಾವ ಮನುಷ್ಯನೂ ಅಷ್ಟು ವೇಗವಾಗಿ ಹಾರಿರಲಿಲ್ಲ. ಯುದ್ಧಕ್ಕೆ ಬಂದ ಕೊಮೆಟ್ ಸುಮಾರು 12 ಕಿ.ಮೀ. ಎತ್ತರವನ್ನು ನಾಲ್ಕು ನಿಮಿಷದೊಳಗೆ ಏರುತ್ತಿತ್ತು.

ಆದರೆ ಇಂಧನ ಸಾಲುತ್ತಿದ್ದದ್ದು ಏಳೂವರೆ ನಿಮಿಷಕ್ಕೆ. ಆಮೇಲೆ ಎಂಜಿನ್ ಇಲ್ಲದೆ ತೇಲಿಕೊಂಡು ಇಳಿಯಬೇಕು. ಚಕ್ರಗಳನ್ನು ಏರುವಾಗಲೇ ಕೆಳಗೆ ಬಿಟ್ಟಿರುತ್ತಾರೆ, ಇಳಿಯುವುದು ಹೊಟ್ಟೆಯ ಕೆಳಗಿನ ಒಂದು ಜಾರುಪಟ್ಟಿಯ ಮೇಲೆ. ಇಂಧನವಾದರೂ ಎಂಥದ್ದು? ಒಂದು ಟ್ಯಾಂಕಿನಲ್ಲಿ ಗಾಯಕ್ಕೆ ಹಚ್ಚುವ ಹೈಡ್ರೋಜನ್ ಪೆರಾಕ್ಸೈಡ್, ಆದರೆ ಶೇ 80ರಷ್ಟು ಗಾಢ. ಇನ್ನೊಂದರಲ್ಲಿ ಹೈಡ್ರಜೀನ್ ಮತ್ತು ಮೆಥನಾಲ್ ಮಿಶ್ರಣ. ಎರಡೂ ಕೂಡಿದರೆ ಕಿಡಿ ಬೇಕಿಲ್ಲ, ತಾನೇ ಸಿಡಿಯುತ್ತದೆ. ಇಳಿಯುವಾಗ ಜೋರಾಗಿ ಅಪ್ಪಳಿಸಿ, ಟ್ಯಾಂಕಿನಲ್ಲಿ ತುಸು ಉಳಿದಿದ್ದರೂ ಮುಗಿಯಿತು. ಸುಮಾರು 370 ಕೊಮೆಟ್‌ಗಳು ತಯಾರಾದವು. ಅವು ಕೆಡವಿದ ಶತ್ರು ವಿಮಾನಗಳು ಇಪ್ಪತ್ತನ್ನೂ ಮುಟ್ಟಲಿಲ್ಲ.

ಕೊನೆಯದು ಹೈಂಕೆಲ್ 162. ಯುದ್ಧ ಸೋಲುವುದು ಖಾತ್ರಿಯಾದಾಗ ಮೂರು ತಿಂಗಳೊಳಗೆ ವಿನ್ಯಾಸ ಮಾಡಿ ಹಾರಿಸಿದ ಅಗ್ಗದ ಜೆಟ್. ರೆಕ್ಕೆ ಮರದ್ದು. 1944ರ ಡಿಸೆಂಬರ್ 6ರಂದು ಮೊದಲ ಹಾರಾಟ, 10ರಂದು ಅಧಿಕಾರಿಗಳ ಮುಂದೆಯೇ ರೆಕ್ಕೆಯ ಅಂಟು ಬಿಟ್ಟು ವಿಮಾನ ಬಿತ್ತು, ಪೈಲಟ್ ಸತ್ತ. ಈ ವಿಮಾನವನ್ನು ಹಾರಿಸಲು ನಾಜಿಗಳು ಯಾರನ್ನು ಸಜ್ಜುಗೊಳಿಸಲು ಯೋಚಿಸಿದ್ದರು ಗೊತ್ತೇ? ಗ್ಲೈಡರ್ ಮಾತ್ರ ಕಲಿತ ಹದಿಹರೆಯದ ಹುಡುಗರನ್ನು. ಇದನ್ನು ಓದಿದಾಗ ಪಿಯುಸಿ ಓದುತ್ತಿರುವ ನನ್ನ ತಮ್ಮ ಪಕ್ಕದಲ್ಲೇ ಮಲಗಿದ್ದ. ಅವನ ಮುಖ ನೋಡಿ ಪುಸ್ತಕ ಮುಚ್ಚಿಟ್ಟೆ.

ಮುತ್ಯಾನ ಕೈ

ನನ್ನ ಅಭಿಮಾನವನ್ನು ಪೂರ್ತಿ ಇಳಿಸಿದ್ದು ಮಾತ್ರ ಇನ್ನೊಂದು ಸಂಗತಿ.

ನನ್ನ ಮುತ್ಯಾ ಶಹಾಬಾದಿನ ಪರ್ಸಿ ಖಣಿಯಲ್ಲಿ ನಲವತ್ತು ವರ್ಷ ಕಲ್ಲು ಎಬ್ಬಿಸಿದವನು. ನಿಮ್ಮ ಊರಿನ ಮನೆಯ ನೆಲಕ್ಕೋ, ಕಟ್ಟೆಗೋ ಹಾಸಿರುವ ಶಹಾಬಾದ್ ಕಲ್ಲು ಅದೇ. ಪದರ ನೋಡಿ ಉಳಿ ಇಟ್ಟು, ಅವಸರ ಮಾಡದೆ ಬಡಿದರೆ ಹಲಗೆಯ ಹಾಗೆ ಏಳುತ್ತದೆ. ಮುತ್ಯಾನ ಬಲಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ.

ಆಸ್ಟ್ರಿಯಾದ ಮೌಟ್‌ಹೌಸೆನ್ ಮತ್ತು ಗುಸೆನ್ ಎಂಬಲ್ಲಿ ನಾಜಿಗಳು ಸೆರೆ ಶಿಬಿರಗಳನ್ನು ಕಟ್ಟಿದ್ದು ಕಲ್ಲಿನ ಖಣಿಗಳ ಪಕ್ಕದಲ್ಲಿ. ಕೈದಿಗಳು ಗ್ರಾನೈಟ್ ಹೊತ್ತು ಸತ್ತರು. ಯುದ್ಧದ ಕೊನೆಗೆ ಬಾಂಬ್ ದಾಳಿ ಹೆಚ್ಚಾದಾಗ ಗುಸೆನ್ ಬಳಿ ನೆಲದೊಳಗೆ ಸುರಂಗ ಕೊರೆಸಿ, ಅಲ್ಲಿ ಅದೇ ಕೈದಿಗಳಿಂದ ಮೆಸ್ಸರ್‌ಶ್ಮಿಟ್ 262ರ ಒಡಲುಗಳನ್ನು ಮಾಡಿಸಿದರು. ಸುರಂಗ ಕೊರೆಯುತ್ತಲೇ, ವಿಮಾನ ಕಟ್ಟುತ್ತಲೇ ಸಾವಿರಾರು ಜನ ಹಸಿವಿಗೆ, ಹೊಡೆತಕ್ಕೆ ಬಲಿಯಾದರು.

ನಾನು ವರ್ಷಗಟ್ಟಲೆ ಆ ವಿಮಾನದ ಚಿತ್ರವನ್ನು ಮೊಬೈಲ್‌ನ ಮುಖಪುಟಕ್ಕೆ ಇಟ್ಟುಕೊಂಡಿದ್ದೆ. ಅದರ ಹೊಳೆಯುವ ತಗಡನ್ನು ಬಡಿದ ಕೈಗಳು ಯಾರವು ಎಂದು ಒಮ್ಮೆಯೂ ಕೇಳಿರಲಿಲ್ಲ. ಕಲ್ಲು ಒಡೆಯುವವನ ಮೊಮ್ಮಗನಾಗಿ ನಾನಾದರೂ ಕೇಳಬೇಕಿತ್ತು. ಅಂದೇ ಆ ಚಿತ್ರ ತೆಗೆದೆ. ಎಂಜಿನಿಯರುಗಳ ಜಾಣತನವನ್ನು ಮೆಚ್ಚಬಹುದು, ಆದರೆ ಅದು ಯಾರ ಕೈಯಲ್ಲಿ, ಯಾವ ಕೆಲಸಕ್ಕೆ ದುಡಿಯಿತು ಎಂಬುದನ್ನು ಬಿಟ್ಟು ಮೆಚ್ಚಲಾಗದು.

ಬೆಂಗಳೂರಿಗೆ ಬಂದ ಟ್ಯಾಂಕ್

ಮೂರನೇ ಪ್ರಶ್ನೆ ಉಳಿದಿತ್ತು. ಆ ಜರ್ಮನ್ ಎಂಜಿನಿಯರ್ ಕುರ್ಟ್ ಟ್ಯಾಂಕ್. ಯುದ್ಧಕಾಲದಲ್ಲಿ ಫೊಕ್ಕೆ-ವುಲ್ಫ್ ಕಂಪನಿಯಲ್ಲಿ ಪ್ರಸಿದ್ಧ ಎಫ್‌ಡಬ್ಲ್ಯು 190 ಫೈಟರ್ ರೂಪಿಸಿದವರು. ಅವರ ತಂಡ ಟಿಎ 183 ಎಂಬ ಜೆಟ್ಟನ್ನೂ ವಿನ್ಯಾಸಗೊಳಿಸಿತ್ತು, ಅದು ಹಾರುವ ಮೊದಲೇ ಯುದ್ಧ ಮುಗಿಯಿತು. ಆಮೇಲೆ ಟ್ಯಾಂಕ್ ಅರ್ಜೆಂಟೀನಾಕ್ಕೆ ಹೋಗಿ ಪುಲ್ಕಿ-2 ಎಂಬ ಜೆಟ್ ಕಟ್ಟಿದರು. 1955ರಲ್ಲಿ ಅಲ್ಲಿ ಪೆರೊನ್ ಸರ್ಕಾರ ಉರುಳಿತು. ಮರುವರ್ಷ ಟ್ಯಾಂಕ್ ತಮ್ಮ ಕೆಲವು ಸಹೋದ್ಯೋಗಿಗಳೊಂದಿಗೆ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್‌ಗೆ, ಅಂದರೆ ಇಂದಿನ ಎಚ್‌ಎಎಲ್‌ಗೆ ಬಂದರು.

1940ರಲ್ಲಿ ವಾಲಚಂದ್ ಹಿರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ ಕಟ್ಟಿದ ಆ ಕಾರ್ಖಾನೆ ಅಷ್ಟರಲ್ಲಿ ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ಎಚ್‌ಟಿ-2 ಎಂಬ ತರಬೇತಿ ವಿಮಾನವನ್ನು ಸ್ವಂತವಾಗಿ ರೂಪಿಸಿತ್ತು. ಆದರೆ ಅದು ಪ್ರೊಪೆಲ್ಲರ್ ವಿಮಾನ. ಅಲ್ಲಿಂದ ಶಬ್ದದ ಎರಡು ಪಟ್ಟು ವೇಗದ ಜೆಟ್‌ಗೆ ಜಿಗಿಯಬೇಕಿತ್ತು. ಟ್ಯಾಂಕ್ ಮತ್ತು ಭಾರತೀಯ ಎಂಜಿನಿಯರುಗಳು ಮೊದಲು ಅದೇ ಅಳತೆಯ ಮರದ ಗ್ಲೈಡರ್ ಕಟ್ಟಿ, ಡಕೋಟಾ ವಿಮಾನಕ್ಕೆ ಕಟ್ಟಿ ಎಳೆಸಿ, 1959ರಿಂದ ಹತ್ತಾರು ಸಲ ಹಾರಿಸಿ ಪರೀಕ್ಷಿಸಿದರು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಬೆಂಗಳೂರಿನ ಆಕಾಶಕ್ಕೆ ಏರಿಸಿದ ಆ ವಿಮಾನವೇ ಎಚ್‌ಎಫ್-24 ಮಾರುತ್. ಮಾರುತ ಎಂದರೆ ನಮಗೆ ಬಿಡಿಸಿ ಹೇಳಬೇಕಿಲ್ಲ. ಗಾಳಿ. ಊರೂರಲ್ಲಿ ಗುಡಿ ಇರುವ ಮಾರುತಿಯ ಅಪ್ಪ.

ಆದರೆ ಈ ಮಾರುತನಿಗೆ ಉಸಿರು ಸಾಲಲಿಲ್ಲ. ಅದನ್ನು ರೂಪಿಸಿದ್ದು ಬ್ರಿಟನ್ನಿನ ಆರ್ಫಿಯಸ್ 12 ಎಂಬ ಬಲಶಾಲಿ ಎಂಜಿನ್ ಬರುತ್ತದೆ ಎಂಬ ನಂಬಿಕೆಯ ಮೇಲೆ. ಆ ಎಂಜಿನ್ನಿನ ಯೋಜನೆ ಅಲ್ಲಿ ನಿಂತಿತು, ಹಣ ಹಾಕಿ ಅದನ್ನು ಮುಂದುವರಿಸಲು ಇಲ್ಲಿ ಮನಸ್ಸು ಮಾಡಲಿಲ್ಲ. ಕೊನೆಗೆ ನ್ಯಾಟ್ ವಿಮಾನಕ್ಕೆಂದು ತಯಾರಾಗುತ್ತಿದ್ದ ಚಿಕ್ಕ ಆರ್ಫಿಯಸ್ ಎಂಜಿನ್ನುಗಳನ್ನೇ ಜೋಡಿಯಾಗಿ ಕೂರಿಸಿದರು. ಗೂಳಿಯ ಮೈಗೆ ಕರುವಿನ ಕಾಲು.

ಎಂಜಿನ್ ಹುಡುಕಾಟ ಈಜಿಪ್ಟಿನವರೆಗೂ ಹೋಯಿತು. ಅಲ್ಲಿ ಹೆಲ್ವಾನ್‌ನಲ್ಲಿ ಯುದ್ಧಕಾಲದ ಜರ್ಮನಿಯ ಯೂಂಕರ್ಸ್‌ನಲ್ಲಿ ದುಡಿದಿದ್ದ ಆಸ್ಟ್ರಿಯಾದ ಫರ್ಡಿನಾಂಡ್ ಬ್ರಾಂಡ್ನರ್ ಇ-300 ಎಂಬ ಎಂಜಿನ್ ಮಾಡುತ್ತಿದ್ದರು. ಅದೇ ಊರಿನಲ್ಲಿ ತಯಾರಾಗುತ್ತಿದ್ದ ಎಚ್‌ಎ-300 ಫೈಟರ್‌ನ ವಿನ್ಯಾಸಕ ಮತ್ತಾರೂ ಅಲ್ಲ, 262ರ ಮೆಸ್ಸರ್‌ಶ್ಮಿಟ್. 1964ರ ಮಾರ್ಚ್‌ನಲ್ಲಿ ಅದನ್ನು ಮೊದಲ ಸಲ ಹಾರಿಸಿದವರು ಭಾರತೀಯ ವಾಯುಪಡೆಯ ಕಪಿಲ್ ಭಾರ್ಗವ! ಒಂದು ಮಾರುತ್ ವಿಮಾನವನ್ನೇ ಈಜಿಪ್ಟಿಗೆ ಕಳಿಸಿ, ಅದರಲ್ಲಿ ಇ-300 ಕೂರಿಸಿ ಪರೀಕ್ಷಿಸಿದರು. 1969ರಲ್ಲಿ ಈಜಿಪ್ಟ್ ತನ್ನ ಯೋಜನೆ ಕೈಬಿಟ್ಟಿತು. ಅದೂ ಮುಗಿಯಿತು.

ಉಳಿದ ದಾರಿ, ಇದ್ದ ಎಂಜಿನ್ನಿಗೇ ಹಿಂದಿನಿಂದ ಇನ್ನಷ್ಟು ಇಂಧನ ಉರಿಸಿ ಬಲ ತುಂಬುವುದು. ಅಂಥ ಎಂಜಿನ್ ಜೋಡಿಸಿದ ಮಾರುತ್ 1970ರ ಜನವರಿ 10ರಂದು ಬೆಂಗಳೂರಿನಲ್ಲಿ ಟೇಕಾಫ್ ಆಗುತ್ತಲೇ ಬಿತ್ತು. ಅದರೊಳಗಿದ್ದವರು ಸುರಂಜನ್ ದಾಸ್. ಮಾರುತನನ್ನು ಮೊದಲು ಎತ್ತಿದವರೇ ಮಾರುತನ ಜೊತೆ ಹೋದರು. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆ ಇದೆ. ಸಂದರ್ಶನದ ದಿನ ನಾನು ಹೋದ ಬಸ್ ಅದೇ ರಸ್ತೆಯಲ್ಲಿ ಸಾಗಿತ್ತು. ಬೋರ್ಡು ಓದಿದ್ದೆ, ಯಾರು ಎಂದು ಯೋಚಿಸಿರಲಿಲ್ಲ.

ಹಾಗಂತ ಮಾರುತ್ ಸೋತ ವಿಮಾನ ಎನ್ನಲು ನನಗೆ ಮನಸ್ಸಿಲ್ಲ. ಎಚ್‌ಎಎಲ್ 147 ಮಾರುತ್‌ಗಳನ್ನು ಕಟ್ಟಿತು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅವು ನೆಲಮಟ್ಟದ ದಾಳಿಗಳನ್ನು ಚೆನ್ನಾಗಿಯೇ ನಡೆಸಿದವು, ಒಂದು ಎಂಜಿನ್ ಕೆಟ್ಟರೂ ಇನ್ನೊಂದರ ಮೇಲೆ ಮರಳಿದವು. ವಿಮಾನಕ್ಕೆ ವಿಮಾನ ಎದುರಾದ ಕಾಳಗದಲ್ಲಿ ಒಂದೂ ಬೀಳಲಿಲ್ಲ. ಸೋತದ್ದು ವಿಮಾನವಲ್ಲ, ಎಂಜಿನ್ನಿನ ಬಗೆಗಿನ ನಮ್ಮ ತಾಳ್ಮೆ.

ಈ ಕತೆ ಮುಗಿದಿಲ್ಲ. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಗೆ 'ಕಾವೇರಿ' ಎಂಜಿನ್ ಯೋಜನೆ ಸಿಕ್ಕಿದ್ದು 1989ರಲ್ಲಿ. ತೇಜಸ್ ವಿಮಾನ 2001ರ ಜನವರಿ 4ರಂದು ಹಾರಿತು, ಅಮೆರಿಕದ ಎಂಜಿನ್ ಹೊತ್ತು. ಕಾವೇರಿ ಬೇಕಾದಷ್ಟು ಬಲ ಕೊಡದ ಕಾರಣ ಅದನ್ನು ತೇಜಸ್‌ನಿಂದ ಬೇರ್ಪಡಿಸಬೇಕಾಯಿತು. 1941ರ ಜರ್ಮನಿಯಲ್ಲಿ, 1961ರ ಬೆಂಗಳೂರಿನಲ್ಲಿ, 2001ರ ಬೆಂಗಳೂರಿನಲ್ಲಿ ಮತ್ತೆ ಮತ್ತೆ ಅದೇ ಮಾತು: ರೆಕ್ಕೆ ಸಿದ್ಧವಿತ್ತು, ಎಂಜಿನ್ ಇರಲಿಲ್ಲ.

ಕಿಲ್ನ್‌ನ ಒಳಗೆ

ಉತ್ತರ ಸಿಕ್ಕಿತು, ಕೆಲಸ ಸಿಕ್ಕಿರಲಿಲ್ಲ. ಅಪ್ಪ ನಿವೃತ್ತಿಗೆ ಹತ್ತಿರ. ಸಿಮೆಂಟ್ ಕಾರ್ಖಾನೆಯಲ್ಲಿ ಕಿಲ್ನ್ ದುರಸ್ತಿ ವಿಭಾಗದಲ್ಲಿ ಅವರ ಆಯುಷ್ಯವೇ ಕಳೆದಿದೆ. ಮಳೆಗಾಲದಲ್ಲಿ ಸಿಮೆಂಟಿಗೆ ಬೇಡಿಕೆ ಇಳಿಯುತ್ತದೆ, ಆಗ ಕಿಲ್ನ್ ನಿಲ್ಲಿಸಿ ಒಳಗಿನ ಸವೆದ ಇಟ್ಟಿಗೆ ತೆಗೆದು ಹೊಸದು ಕಟ್ಟುತ್ತಾರೆ. "ಸೇಡಂ ಕಡೆ ಶಟ್‌ಡೌನ್ ಕೆಲಸ ಅದ. ಇಪ್ಪತ್ತು ದಿನ. ಬರ್ತಿಯೇನು?" ಎಂದು ಅಪ್ಪ ಕೇಳಿದರು. ಡಿಪ್ಲೊಮಾ ಮಾಡಿ ಇಟ್ಟಿಗೆ ಹೊರಬೇಕೇ ಎಂದು ಮನಸ್ಸು ಮುನಿಸಿಕೊಂಡಿತು. ಆದರೂ ಹೋದೆ.

ವಾಡಿಯಲ್ಲಿ ಹುಟ್ಟಿ ಬೆಳೆದರೂ ಕಿಲ್ನ್‌ನ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಉಕ್ಕಿನ ದೊಡ್ಡ ಕೊಳವೆ, ಒಳಗೋಡೆಯ ತುಂಬ ಇಟ್ಟಿಗೆ. ಅದು ಓಡುವಾಗ ಒಳಗಿನ ಸುಣ್ಣದ ಕಲ್ಲು ಸುಮಾರು 1,450 ಡಿಗ್ರಿಯಲ್ಲಿ ಬೇಯುತ್ತದೆ. ಉಕ್ಕು ಅದಕ್ಕಿಂತ ಬಹಳ ಮೊದಲೇ ಮೆತ್ತಗಾಗಬೇಕು. ಆಗುವುದಿಲ್ಲ, ಯಾಕೆಂದರೆ ನಡುವೆ ಗೇಣುದ್ದದ ಇಟ್ಟಿಗೆ ಇದೆ. ಅಪ್ಪ ಟಾರ್ಚ್ ಬೆಳಕಿನಲ್ಲಿ ಸವೆದ ಒಂದು ಇಟ್ಟಿಗೆ ತೋರಿಸಿ ಹೇಳಿದರು: "ಬೆಂಕಿ ಹಚ್ಚೋದು ಯಾರಿಗಾದ್ರೂ ಬರ್ತದ. ಹಚ್ಚಿದ ಬೆಂಕಿ ತಡ್ಕೊಂಡು ನಿಲ್ಲೋದು ಈ ಇಟ್ಟಂಗಿ ಕೆಲಸ. ಇದರ ಹೆಸರು ಯಾರಿಗೂ ಗೊತ್ತಿರಲ್ಲ."

ನಾನು ಅಲ್ಲೇ ನಿಂತುಬಿಟ್ಟೆ. ಒಂದು ವರ್ಷ ಓದಿದ್ದನ್ನೆಲ್ಲ ಅಪ್ಪ ಒಂದೇ ಮಾತಿನಲ್ಲಿ ಹೇಳಿದ್ದರು. ಜೆಟ್ ಎಂಜಿನ್ನಿನ ಕತೆ ಬೆಂಕಿಯ ಕತೆಯಲ್ಲ, ಬೆಂಕಿಯನ್ನು ತಡೆದುಕೊಳ್ಳುವ ವಸ್ತುವಿನ ಕತೆ. ಆ ವಸ್ತು ವರ್ಷಾನುಗಟ್ಟಲೆ ಸುಟ್ಟು, ಒಡೆದು, ಮತ್ತೆ ಮಾಡಿ, ಮತ್ತೆ ಸುಟ್ಟು ಬರುವಂಥದ್ದು. ಅದಕ್ಕೆ ಅಡ್ಡದಾರಿ ಇಲ್ಲ.

ಗೆಳೆಯರೇ, ನನ್ನ ಬಯೋಡೇಟಾವೂ ಅಂಥದ್ದೇ ಒಂದು ವಿಮಾನವಾಗಿತ್ತು. ಮೂರು ಸಾಫ್ಟ್‌ವೇರ್‌ಗಳ ಹೆಸರು, ಎರಡು ಸರ್ಟಿಫಿಕೇಟ್, ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ 'ನನ್ನ ಬಗ್ಗೆ'. ಆಕಾರ ಚೆನ್ನಾಗಿತ್ತು. ಒಳಗೆ ಎಂಜಿನ್ ಇರಲಿಲ್ಲ. ಕಲ್ಯಾಣ ಕರ್ನಾಟಕದ ನಮಗೆ ಅವಕಾಶ ಕಡಿಮೆ ಎಂಬುದು ಸುಳ್ಳಲ್ಲ. ಆದರೆ ಶಹಾಬಾದಿನ ಕಲ್ಲು, ವಾಡಿ-ಸೇಡಂನ ಸಾವಿರದೈನೂರು ಡಿಗ್ರಿಯ ಒಲೆ, ತಲೆಯ ಮೇಲೆ ಬೀದರಿನ ಜೆಟ್, ಇವೆಲ್ಲ ಕಣ್ಣೆದುರೇ ಇದ್ದರೂ ಅವನ್ನು ಪಾಠ ಎಂದು ನಾನು ನೋಡಿರಲಿಲ್ಲ. ಅಬ್ದುಲ್ ಕಲಾಂ ಅವರು ಮದರಾಸಿನಲ್ಲಿ ಏರೋನಾಟಿಕಲ್ ಓದು ಮುಗಿಸುವಾಗ ಇದೇ ಬೆಂಗಳೂರಿನ ಎಚ್‌ಎಎಲ್‌ಗೆ ಟ್ರೈನಿಯಾಗಿ ಬಂದು ಮಾಡಿದ ಕೆಲಸ ಹಳೆಯ ಎಂಜಿನ್ ಬಿಚ್ಚಿ ಜೋಡಿಸುವುದು. ಅದನ್ನು ಓದಿದ ಮೇಲೆ ಇಟ್ಟಿಗೆ ಹೊರುವುದು ಭಾರವೆನಿಸಲಿಲ್ಲ.

ಈಗ ನಾನು ಅಪ್ರೆಂಟಿಸ್. ಸಂಬಳ ದೊಡ್ಡದಲ್ಲ. ಸಂಜೆ ಲೋಹಶಾಸ್ತ್ರದ ಪುಸ್ತಕ ಓದುತ್ತೇನೆ, ಅರ್ಥವಾಗದ್ದನ್ನು ಮರುದಿನ ಕಾರ್ಖಾನೆಯ ಹಿರಿಯರಿಗೆ ಕೇಳುತ್ತೇನೆ. ಮತ್ತೆ ಅರ್ಜಿ ಹಾಕಿದ್ದೇನೆ. 'ಹವ್ಯಾಸ' ಎಂಬ ಸಾಲನ್ನು ತೆಗೆದಿದ್ದೇನೆ. ಅದರ ಜಾಗದಲ್ಲಿ 'ಕಿಲ್ನ್ ಇಟ್ಟಿಗೆ ಕಟ್ಟುವ ಕೆಲಸ, 20 ದಿನ' ಎಂದಿದೆ.

ಆ ಶಟ್‌ಡೌನ್‌ನ ಕೊನೆಯ ದಿನ ಕಿಲ್ನ್ ಹೊತ್ತಿಸಿದರು. ನಾನು ಭಗ್ಗನೆ ಉರಿ ಏಳುತ್ತದೆ ಎಂದು ಕಾದಿದ್ದೆ. ಗಂಟೆಗಳು ಕಳೆದರೂ ಉರಿ ಸಣ್ಣದಾಗಿಯೇ ಇತ್ತು. ಇಡೀ ಒಂದು ಹಗಲು, ಒಂದು ರಾತ್ರಿ ಸ್ವಲ್ಪ ಸ್ವಲ್ಪವೇ ಬಿಸಿ ಏರಿಸಿದರು. "ಯಾಕ ಇಷ್ಟು ಸಾವಕಾಶ?" ಎಂದೆ.

"ಒಮ್ಮೆಲೇ ಉರಿ ಕೊಟ್ರ ಹೊಸ ಇಟ್ಟಂಗಿ ಸಿಡೀತಾವಪಾ" ಎಂದರು ಅಪ್ಪ. "ಅವಕ್ಕೂ ಕಾಯಾಕ ಟೈಮ್ ಬೇಕು."